ನಿಮಗಿದು ಗೊತ್ತೆ? ಕಪ್ಪು ಕನ್ನಡಕವೆಲ್ಲ ವೆಲ್ಡಿಂಗ್ ಕನ್ನಡಕವಲ್ಲ

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಗ್ರೈಂಡಿಂಗ್ ಚಕ್ರದಿಂದ ಸಿಡಿಯುವ ಲೋಹದ ಚೂರುಗಳಿಂದಲೂ ವೆಲ್ಡಿಂಗ್‌ನ ತೀವ್ರ ಬೆಳಕಿನಿಂದಲೂ ಕಾರ್ಮಿಕರ ಕಣ್ಣುಗಳನ್ನು ಕಾಪಾಡಲು ತಕ್ಕ ಕನ್ನಡಕವನ್ನೋ ಪರದೆಯನ್ನೋ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 35ನೆಯ ಸೆಕ್ಷನ್ ಆಗಲೇ ವಿಧಿಸಿತ್ತು. ಚೂರುಗಳಿಗಾದರೆ ಪಾಲಿಕಾರ್ಬೊನೇಟ್, ಅಂದರೆ ಪೆಟ್ಟು ತಾಳುವ ಗಟ್ಟಿ ಪ್ಲಾಸ್ಟಿಕ್‌ನಿಂದ ಮಾಡಿದ, ಪಕ್ಕಗಳೂ ಮುಚ್ಚಿರುವ ಕನ್ನಡಕ ಆಗುತ್ತದೆ. ಆಮ್ಲ ಸಿಡಿಯುವಲ್ಲಿ ಮುಖಕ್ಕೆ ಬಿಗಿಯಾಗಿ ಕೂರುವ ಗಾಗಲ್ಸ್ ಬೇಕು. ಆರ್ಕ್ ವೆಲ್ಡಿಂಗ್‌ಗೆ ಸಾಮಾನ್ಯವಾಗಿ 10ರಿಂದ 13ರವರೆಗಿನ ಶೇಡ್ ಸಂಖ್ಯೆಯ, ಎಂದರೆ ಅಷ್ಟು ಪ್ರಮಾಣದಲ್ಲಿ ಬೆಳಕನ್ನು ತಡೆಯುವ ಗಾಜುಳ್ಳ ಮುಖಕವಚವೇ ಆಗಬೇಕು. ಗ್ಯಾಸ್ ವೆಲ್ಡಿಂಗ್‌ನ 5ರ ಗಾಜು ಇಲ್ಲಿ ಸಾಲದು, ಫುಟ್‌ಪಾತ್‌ನ ಕೂಲಿಂಗ್ ಗ್ಲಾಸ್ ಮಾತಂತೂ ಬೇಡವೇ ಬೇಡ. ಬರಿಗಣ್ಣಿನಿಂದ ಆರ್ಕ್ ನೋಡಿದವರಿಗೆ ಆ ಕ್ಷಣ ಏನೂ ಅನ್ನಿಸದೆ, ಕೆಲವು ಗಂಟೆಗಳ ಬಳಿಕ ಕಣ್ಣಲ್ಲಿ ಮರಳು ಬಿದ್ದಂತೆ ಉರಿಯತೊಡಗುವುದು ಅತಿನೇರಳೆ ಕಿರಣಗಳು ಕಾರ್ನಿಯಾದ ಮೇಲ್ಪದರವನ್ನು ಸುಟ್ಟಿರುವುದರಿಂದ.