ಮಗುವಿಗೆ ಬಿಪಿ, ಪರೀಕ್ಷೆ ಕಿಡ್ನಿಗೆ ಏಕೆ?

ಪ್ರಶ್ನೆ: ಚಿಕ್ಕ ಮಕ್ಕಳಿಗೂ ಬಿಪಿ ಬರುತ್ತದೆಯೇ? ಬಂದರೆ ವೈದ್ಯರು ಮೂತ್ರ, ಪೊಟ್ಯಾಸಿಯಂ ಎಂದೆಲ್ಲ ಪರೀಕ್ಷೆ ಬರೆಯುವುದೇಕೆ?

ಉತ್ತರ: ಬರುತ್ತದೆ. ದೊಡ್ಡವರಲ್ಲಿ ಬಹುಪಾಲು ಬಿಪಿಗೆ ಇದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಆದರೆ ಮಗು ಚಿಕ್ಕದಾಗಿದ್ದಷ್ಟೂ, ಬಿಪಿ ಏರಿದ್ದಷ್ಟೂ, ಅದರ ಹಿಂದೆ ಬೇರೊಂದು ಕಾಯಿಲೆ ಇರುವ ಸಾಧ್ಯತೆ ಹೆಚ್ಚು. ಅದರಲ್ಲಿ ಮೂತ್ರಪಿಂಡದ್ದೇ ಮೊದಲ ಸ್ಥಾನ.

ಮೊದಲು ಅಳತೆ ಸರಿಯಿರಬೇಕು. ತೋಳಿಗೆ ಸುತ್ತುವ ಪಟ್ಟಿ ಕಿರಿದಾದರೆ ಬಿಪಿ ಸುಳ್ಳೇ ಹೆಚ್ಚು ತೋರುತ್ತದೆ. 13 ವರ್ಷದೊಳಗಿನವರಿಗೆ 120/80 ಎಂಬ ಒಂದೇ ಗೆರೆ ಸಾಲದು. ವಯಸ್ಸು, ಲಿಂಗ, ಎತ್ತರದ ಕೋಷ್ಟಕ ನೋಡಬೇಕು. ತುರ್ತು ಇಲ್ಲದಿದ್ದರೆ ಮೂರು ಬೇರೆ ಬೇರೆ ಭೇಟಿಗಳಲ್ಲಿ ಹೆಚ್ಚಿದ್ದರಷ್ಟೇ ಬಿಪಿ ಎಂದು ತೀರ್ಮಾನ.

ಮೂತ್ರದಲ್ಲಿ ರಕ್ತ, ಪ್ರೋಟೀನ್ ಕಂಡರೆ ಮೂತ್ರಪಿಂಡದ ಉರಿಯೂತದ ಸುಳಿವು. ಗಂಟಲುನೋವು ಅಥವಾ ಚರ್ಮದ ಹುಣ್ಣಾದ ಕೆಲವು ವಾರಗಳ ಬಳಿಕ ಇದು ಬರಬಹುದು. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಜೊತೆ ಪೊಟ್ಯಾಸಿಯಂ ಏರಿದ್ದರೆ ಮೂತ್ರಪಿಂಡ ಸೋತಿರಬಹುದು. ಪೊಟ್ಯಾಸಿಯಂ ಇಳಿದಿದ್ದರೆ ಬಿಪಿ ನಿಯಂತ್ರಿಸುವ ರೆನಿನ್, ಆಲ್ಡೋಸ್ಟೀರಾನ್ ಹಾರ್ಮೋನುಗಳನ್ನು ನೋಡುತ್ತಾರೆ. ಎರಡೂ ಹೆಚ್ಚಿದ್ದರೆ ಮೂತ್ರಪಿಂಡದ ರಕ್ತನಾಳ ಕಿರಿದಾಗಿರುವ ಶಂಕೆ. ಎರಡೂ ಕಡಿಮೆಯಿದ್ದರೆ ಲಿಡಲ್ ಸಿಂಡ್ರೋಮ್‌ನಂಥ ಅಪರೂಪದ ವಂಶವಾಹಿ ದೋಷದ ಶಂಕೆ. ಅಲ್ಟ್ರಾಸೌಂಡ್, ಡಾಪ್ಲರ್ ಪರೀಕ್ಷೆಗಳು ಚಿತ್ರವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ.

ರಕ್ತ ತೆಗೆಯುವಾಗ ಕಣಗಳು ಒಡೆದರೂ ಪೊಟ್ಯಾಸಿಯಂ ಹೆಚ್ಚು ತೋರುತ್ತದೆ. ಅನುಮಾನವಿದ್ದರೆ ಮರುಪರೀಕ್ಷೆ ಬೇಕು.

ಬಿಪಿ ಇರುವ ಮಗುವಿಗೆ ಜೋರು ತಲೆನೋವು, ವಾಂತಿ, ಫಿಟ್ಸ್, ಮುಖದ ಊತ, ಕಂದು ಬಣ್ಣದ ಮೂತ್ರ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.