ಸಾಯುವಾಗ ವಿಷ ಕಕ್ಕುವ ರೋಗಾಣು

ರೋಗಾಣುವಿನಿಂದ ರೋಗ ಬರುವುದಾದರೆ, ಅದನ್ನು ಕೊಲ್ಲುವ ಔಷಧದಿಂದ ರೋಗ ಗುಣವಾಗಬೇಕು. ಇದು ನಮಗೆಲ್ಲ ಸಹಜವಾಗಿ ತೋರುವ ತರ್ಕ. ಬಹುಮಟ್ಟಿಗೆ ನಿಜವೂ ಹೌದು. ಆದರೆ ಕರುಳಿನ ಒಂದು ರೋಗಾಣುವಿನ ವಿಷಯದಲ್ಲಿ ಈ ತರ್ಕ ತಲೆಕೆಳಗಾಗುವುದುಂಟು. ಕೊಲ್ಲಹೊರಟರೆ ಅದು ಇನ್ನಷ್ಟು ವಿಷವನ್ನು ಹೊರಚೆಲ್ಲಬಹುದು. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ನಮ್ಮ ಕರುಳಿನಲ್ಲಿ ಎಷರೀಕಿಯ ಕೋಲೈ ಎಂಬ ಬ್ಯಾಕ್ಟೀರಿಯಗಳು ವಾಸವಾಗಿವೆ. ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಓ೧೫೭:ಎಚ್೭ ಎಂಬ ತಳಿ ಮಾತ್ರ ಹಾಗಲ್ಲ. ೧೯೮೨ರಲ್ಲಿ ಅಮೆರಿಕದ ಆರೆಗಾನ್ ಮತ್ತು ಮಿಷಿಗನ್ ರಾಜ್ಯಗಳಲ್ಲಿ ಹ್ಯಾಂಬರ್ಗರ್ ತಿಂದವರಿಗೆ ರಕ್ತಭೇದಿ ಉಂಟಾದಾಗ ಇದರ ಕೇಡು ಬೆಳಕಿಗೆ ಬಂದಿತು. ೨೦೧೧ರಲ್ಲಿ ಇದರ ದಾಯಾದಿಯಾದ ಓ೧೦೪:ಎಚ್೪ ಎಂಬ ತಳಿ, ಮೊಳಕೆ ಬರಿಸಿದ ಮೆಂತ್ಯದ ಮೂಲಕ ಹರಡಿ, ಜರ್ಮನಿಯಲ್ಲಿ ೩,೮೦೦ಕ್ಕೂ ಹೆಚ್ಚು ಜನರನ್ನು ಕಾಡಿತು. ಐವತ್ತಕ್ಕಿಂತ ಹೆಚ್ಚು ಮಂದಿ ಸತ್ತರು.

ಇವುಗಳ ಅಸ್ತ್ರ ಷಿಗಾ ವಿಷ. ೧೮೯೭ರಲ್ಲಿ ಆಮಶಂಕೆಯ ರೋಗಾಣುವನ್ನು ಕಂಡುಹಿಡಿದ ಜಪಾನಿನ ಕಿಯೋಷಿ ಷಿಗಾ ಅವರ ಹೆಸರು ಇದಕ್ಕಿದೆ. ಜೀವಕೋಶಗಳಲ್ಲಿ ಪ್ರೋಟೀನುಗಳನ್ನು ತಯಾರಿಸುವ ರೈಬೊಸೋಮುಗಳನ್ನು ಇದು ಕೆಡಿಸುವುದು. ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳು ಇದಕ್ಕೆ ಸುಲಭವಾಗಿ ತುತ್ತಾಗುವುವು. ಆಗ ಕೆಂಪು ರಕ್ತಕಣಗಳು ಒಡೆದು, ಮೂತ್ರಪಿಂಡಗಳ ಕೆಲಸವೇ ನಿಂತುಹೋಗಬಹುದು. ಎಳೆಯ ಮಕ್ಕಳಿಗೆ ಈ ಅಪಾಯ ಹೆಚ್ಚು.

ಆಶ್ಚರ್ಯದ ಸಂಗತಿಯೆಂದರೆ, ಈ ವಿಷದ ಜೀನು ಮೂಲತಃ ಬ್ಯಾಕ್ಟೀರಿಯದ್ದಲ್ಲ. ಅದರ ಡಿ.ಎನ್.ಎ.ಯೊಳಗೆ ಸೇರಿಕೊಂಡು ನಿದ್ರಿಸುತ್ತಿರುವ ಒಂದು ವೈರಸ್ಸಿನದು. ಒಂದು ಕಾವಲು ಪ್ರೋಟೀನು ವೈರಸ್ಸಿನ ಜೀನುಗಳನ್ನು ಅದುಮಿ ಹಿಡಿದಿರುವವರೆಗೆ ವಿಷದ ತಯಾರಿಕೆ ಅತ್ಯಲ್ಪ.

ಬ್ಯಾಕ್ಟೀರಿಯದ ಡಿ.ಎನ್.ಎ.ಗೆ ಪೆಟ್ಟು ಬಿತ್ತೆನ್ನೋಣ. ಆಗ ಎಸ್.ಓ.ಎಸ್. ಪ್ರತಿಕ್ರಿಯೆ ಆರಂಭವಾಗುವುದು, ಮುಳುಗುವ ಹಡಗು ನೆರವಿಗಾಗಿ ಕಳುಹಿಸುವ ಸಂಕೇತದ ಹೆಸರನ್ನೇ ವಿಜ್ಞಾನಿಗಳು ಇದಕ್ಕೆ ಕೊಟ್ಟಿದ್ದಾರೆ. ರೆಕ್-ಎ ಎಂಬ ಪ್ರೋಟೀನು ಹಾಳಾದ ಡಿ.ಎನ್.ಎ. ಎಳೆಗೆ ಅಂಟಿಕೊಂಡು ಚುರುಕಾಗುತ್ತದೆ. ಅದರ ಪ್ರೇರಣೆಯಿಂದ ಲೆಕ್ಸ್-ಎ ಎಂಬ ಇನ್ನೊಂದು ಪ್ರೋಟೀನು ತನ್ನನ್ನು ತಾನೇ ಸೀಳಿಕೊಳ್ಳುತ್ತದೆ. ಅದು ತಡೆದಿಟ್ಟಿದ್ದ ದುರಸ್ತಿಯ ಜೀನುಗಳು ಆಗ ಬಿಡುಗಡೆ ಹೊಂದಿ ಕೆಲಸಕ್ಕಿಳಿಯುತ್ತವೆ. ವೈರಸ್ಸಿನ ಕಾವಲು ಪ್ರೋಟೀನು ಲೆಕ್ಸ್-ಎಯನ್ನೇ ಹೋಲುವುದರಿಂದ ಅದೂ ಹಾಗೆಯೇ ಸೀಳಿಹೋಗುತ್ತದೆ. ವೈರಸ್ಸು ಎಚ್ಚರಗೊಳ್ಳುತ್ತದೆ. ಉರಿಯುವ ಮನೆಯಿಂದ ಗಳ ಹಿರಿಯುವವನಂತೆ, ಅದು ಆಪತ್ತಿನಲ್ಲಿರುವ ಬ್ಯಾಕ್ಟೀರಿಯದ ಸಾಮಗ್ರಿಯನ್ನೇ ಬಳಸಿ ತನ್ನ ಪ್ರತಿಗಳನ್ನೂ, ಜೊತೆಗೆ ವಿಷವನ್ನೂ ಹೇರಳವಾಗಿ ತಯಾರಿಸುತ್ತದೆ. ಕೊನೆಗೆ ಬ್ಯಾಕ್ಟೀರಿಯ ಒಡೆದು, ವೈರಸ್ಸುಗಳೂ ವಿಷವೂ ಕರುಳಿಗೆ ಚೆಲ್ಲುತ್ತವೆ.

ಈ ಪೆಟ್ಟು ನಮ್ಮ ಬಿಳಿಯ ರಕ್ತಕಣಗಳು ಹೊರಬಿಡುವ ಹೈಡ್ರೊಜನ್ ಪೆರಾಕ್ಸೈಡಿನಿಂದಲೂ ಬೀಳಬಹುದು, ಸಿಪ್ರೊಫ್ಲಾಕ್ಸಸಿನ್‌ನಂತಹ, ಡಿ.ಎನ್.ಎ.ಗೆ ಹಾನಿಮಾಡುವ ಆಂಟಿಬಯಾಟಿಕ್ ಔಷಧದಿಂದಲೂ ಬೀಳಬಹುದು. ೨೦೦೦ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ಓ೧೫೭:ಎಚ್೭ ಸೋಂಕಿದ್ದ ೭೧ ಮಕ್ಕಳನ್ನು ಪರಿಶೀಲಿಸಿತು. ಆಂಟಿಬಯಾಟಿಕ್ ಪಡೆದಿದ್ದ ೯ ಮಕ್ಕಳಲ್ಲಿ ೫ ಮಂದಿಗೂ, ಪಡೆಯದ ೬೨ ಮಕ್ಕಳಲ್ಲಿ ೫ ಮಂದಿಗೂ ಮೂತ್ರಪಿಂಡದ ತೊಡಕು ಉಂಟಾಯಿತು. ಸಂಖ್ಯೆ ಚಿಕ್ಕದು, ಎಲ್ಲ ಆಂಟಿಬಯಾಟಿಕ್‌ಗಳ ಪರಿಣಾಮವೂ ಒಂದೇ ಅಲ್ಲ. ಆದರೂ ವೈದ್ಯರು ಎಚ್ಚೆತ್ತುಕೊಂಡರು. ಈ ಸೋಂಕಿನಲ್ಲಿ ದೇಹಕ್ಕೆ ಸಾಕಷ್ಟು ದ್ರವವನ್ನು ಒದಗಿಸಿ, ಮೂತ್ರಪಿಂಡಗಳ ಮೇಲೆ ಕಣ್ಣಿಡುವುದೇ ಚಿಕಿತ್ಸೆಯ ಮುಖ್ಯ ಭಾಗವಾಗಿದೆ.

ಇದರಿಂದ ಆಂಟಿಬಯಾಟಿಕ್‌ಗಳೇ ಕೆಟ್ಟವೆಂದು ನಾವು ತಿಳಿಯಬಾರದು. ತೀವ್ರವಾದ ಕಾಲರಾ ಮತ್ತು ಷಿಗೆಲ್ಲ ಆಮಶಂಕೆಗಳಲ್ಲಿ ಅವು ಬಹಳ ಉಪಕಾರಿ. ಹೊರಗಿನಿಂದ ಒಂದೇ ತೆರನಾಗಿ ಕಾಣುವ ರಕ್ತಭೇದಿಯ ಹಿಂದೆ ಬೇರೆ ಬೇರೆ ರೋಗಾಣುಗಳಿರಬಹುದು. ಆದುದರಿಂದ ಅಂಗಡಿಯಿಂದ ತಂದ ಮಾತ್ರೆಯನ್ನು ನಾವೇ ನುಂಗುವುದಕ್ಕಿಂತ, ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಶತ್ರುವನ್ನು ಹೊಡೆಯುವ ಮುನ್ನ ಅವನ ಸ್ವಭಾವವನ್ನು ಅರಿತಿರಬೇಕು.