ಗಿರಿಪ್ರದೇಶದ ರಾಡಾರ್ ಚಿತ್ರಗಳ ಮಾಪನಶುದ್ಧಿ

ವಿಮಾನದಿಂದ ತೆಗೆದ ರಾಡಾರ್ ಚಿತ್ರದ ಹೊಳಪು ನೆಲದ ಗುಣವನ್ನಷ್ಟೇ ಅಲ್ಲದೆ ಅದರ ಇಳಿಜಾರನ್ನೂ ಅವಲಂಬಿಸಿರುತ್ತದೆ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವನ್ನು ಉದಾಹರಣೆಯಾಗಿ ಭಾವಿಸೋಣ. ರಾಡಾರಿಗೆ ಅಭಿಮುಖವಾದ ಮಗ್ಗುಲು ಚಿತ್ರದಲ್ಲಿ ಕುಗ್ಗಿ ಅತಿಯಾಗಿ ಬೆಳಗುವುದು. ಕಡಿದಾದ ಹಿಂಬದಿಯು ಕಿರಣ ತಲುಪದೆ ಕಪ್ಪಾಗುವುದು. ಕುಣಿಗಲ್ ದೊಡ್ಡಕೆರೆಯ ನಿಶ್ಚಲ ನೀರೂ ಕಿರಣವನ್ನು ಆಚೆಗೆ ಪ್ರತಿಫಲಿಸಿ ಕಪ್ಪಾಗಿಯೇ ತೋರುವುದು. ಕೆರೆಕಟ್ಟೆಗಳ ಚರಿತ್ರೆಯನ್ನು ಅರಸುವವರು ನೆರಳನ್ನು ನೀರೆಂದು ಬಗೆದರೆ, ಇಲ್ಲದ ಕೆರೆಯೊಂದು ನಕ್ಷೆಯನ್ನು ಸೇರೀತು.

ಆದುದರಿಂದ ಮೂರು ಲೋಹಫಲಕಗಳನ್ನು ಪರಸ್ಪರ ಲಂಬವಾಗಿ ಜೋಡಿಸಿದ ಪ್ರತಿಫಲಕವನ್ನು ತೆರೆದ ಬಯಲಿನಲ್ಲಿ ನಿಲ್ಲಿಸುವರು. ಅದು ಮರಳಿಸುವ ಶಕ್ತಿಯನ್ನು ಗಣಿತದಿಂದ ಮೊದಲೇ ತಿಳಿಯಬಹುದಾದುದರಿಂದ ಅದೇ ಅಳತೆಗೋಲಾಗುವುದು. ಬಳಿಕ ಎತ್ತರದ ನಕ್ಷೆಯಿಂದ ಪ್ರತಿಯೊಂದು ಇಳಿಜಾರಿನ ಕೋನವನ್ನು ಗಣಿಸಿ ಹೊಳಪನ್ನು ತಿದ್ದುವರು. 2025ರ ಜುಲೈ 30ರಂದು ಉಡಾವಣೆಗೊಂಡ ನಿಸಾರ್ ಉಪಗ್ರಹದ ಚಿತ್ರಗಳಿಗೂ ಇಂತಹ ತಿದ್ದುಪಡಿ ಅವಶ್ಯ. ನೆರಳಿನಲ್ಲಿ ಮಾತ್ರ ತಿದ್ದತಕ್ಕದ್ದೇನೂ ಇರದು. ಅದನ್ನು ಗುರುತಿಸಿ ಬಿಡಬೇಕು, ಇಲ್ಲವೆ ಎದುರು ದಿಕ್ಕಿನಿಂದ ಮತ್ತೊಮ್ಮೆ ಚಿತ್ರ ತೆಗೆಯಬೇಕು.